ಕಲ್ಲಿದ್ದಲು ಎಷ್ಟು ಸಲ ಬೀಳುತ್ತದೆ?

(ಕಾರವಾರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಬಾರ್ಜ್ ಎಂದ ಕೂಡಲೇ ನಿಮ್ಮಲ್ಲಿ ಬಹಳ ಜನರಿಗೆ ತದಡಿಯ ಧಕ್ಕೆ ನೆನಪಾಗಿರುತ್ತದೆ. ಬೈಕುಗಳು, ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸರು, ಶಾಲೆಯ ಮಕ್ಕಳು, ಎಲ್ಲರನ್ನೂ ಒಟ್ಟಿಗೆ ಹೊತ್ತು ಅಘನಾಶಿನಿಯ ಆ ದಡ ಮುಟ್ಟಿಸುವ ಚಪ್ಪಟೆ ತಳದ ಹಡಗು ಅದು. ಇವತ್ತು ನಾನು ಹೇಳಲಿರುವ ಬಾರ್ಜ್ ಕೂಡ ಅದೇ ಜಾತಿಯದು. ತಳ ಚಪ್ಪಟೆ, ವೇಗ ಕಡಿಮೆ, ಹೊರುವ ಶಕ್ತಿ ಅಪಾರ. ಅದರ ಹೊಟ್ಟೆಯಲ್ಲಿ ಜನರ ಬದಲು ಸಾವಿರ, ಎರಡು ಸಾವಿರ, ಕೆಲವು ನದಿಗಳಲ್ಲಿ ಎಂಟು ಸಾವಿರ ಟನ್ ಕಲ್ಲಿದ್ದಲು ಇರುತ್ತದೆ.

ನಾನು ಅಂಕೋಲೆಯ ಕಡೆಯವನು. ಮೂರು ದಶಕ ಕಲ್ಲಿದ್ದಲು ಸಾಗಿಸುವ ಕನ್ವೇಯರ್ ಬೆಲ್ಟುಗಳ ಜೊತೆ, ಅದರಲ್ಲಿ ಕೆಲವು ವರ್ಷ ನದಿಯ ಜೆಟ್ಟಿಗಳಲ್ಲಿ ದುಡಿದು ಊರಿಗೆ ಮರಳಿದವನು. ನಮ್ಮ ಜಿಲ್ಲೆಯಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ಕಾಳಿ ಕಣಿವೆಯಂತೂ ಕಲ್ಲಿದ್ದಲನ್ನು ಸುಡದೆಯೇ ನಾಡಿಗೆ ವಿದ್ಯುತ್ ಕೊಡುತ್ತಿದೆ. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ, ಜೊತೆಗೆ ಕೈಗಾದ 880 ಮೆಗಾವಾಟ್. ಹಾಗಿರುವಾಗ ಕಾರವಾರದವರಿಗೆ ಈ ವಿಷಯ ಏಕೆ ಎಂದು ನೀವು ಕೇಳಬಹುದು. ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ ಅರ್ಧ ದಿನ ನಿಂತು ನೋಡಿ. ಮುರ್ಮುಗೋವಾ ಬಂದರಿನಲ್ಲಿ ಇಳಿದ ಕಲ್ಲಿದ್ದಲು, 37 ಅಡಿ ಮುಂದೆ ಹೋದರೆ ಒಂದು ಅಡಿ ಏರುವ ಆ ಕಡಿದಾದ ಹಳಿಯಲ್ಲಿ, ಹಿಂದಿನಿಂದ ತಳ್ಳುವ ಇಂಜಿನ್‌ಗಳನ್ನೂ ಕಟ್ಟಿಕೊಂಡು ಘಟ್ಟ ಹತ್ತುತ್ತದೆ. ನಮ್ಮ ಜಿಲ್ಲೆಯೊಳಗಿಂದಲೇ ಹಾದು ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗಳಿಗೆ ಹೋಗುತ್ತದೆ. ದಕ್ಷಿಣದಲ್ಲಿ ಪಡುಬಿದ್ರಿಯ ಬಳಿಯ 1,200 ಮೆಗಾವಾಟ್ ಸ್ಥಾವರ ಪಣಂಬೂರಿನಲ್ಲಿ ಇಳಿಯುವ ವಿದೇಶಿ ಕಲ್ಲಿದ್ದಲಿನಿಂದ ನಡೆಯುತ್ತದೆ. ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ಸ್ಥಾವರ ಕಟ್ಟುವ ಮಾತು ಎದ್ದದ್ದು, ಕಾಳಿಯ ದಡದ ಹಣಕೋಣದಲ್ಲಿ ಇನ್ನೊಂದರ ಮಾತು ಎದ್ದದ್ದು, ಎರಡಕ್ಕೂ ಜನ ಅಡ್ಡ ನಿಂತದ್ದು ನಿಮಗೆ ನೆನಪಿದೆ.

ಮುಂದೆಯೂ ಯಾರಾದರೂ ಯಾವುದಾದರೂ ಸರಕಿನ ನಕ್ಷೆ ಹಿಡಿದು ಬಂದೇ ಬರುತ್ತಾರೆ. ಆ ನಕ್ಷೆಯಲ್ಲಿ ಕನ್ವೇಯರ್ ಎಂದರೆ ಒಂದು ತೆಳು ಗೆರೆ, ಬಾರ್ಜಿನ ದಾರಿ ಎಂದರೆ ಹೊಳೆಯ ಮೇಲೆ ಒಂದು ಚುಕ್ಕಿಸಾಲು. ನೋಡಲು ಬಹಳ ಸೌಮ್ಯ. ಅದನ್ನು ಓದುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಸರಕು ಎಷ್ಟು ಸಲ ಬೀಳುತ್ತದೆ, ಎಲ್ಲಿ ಬೀಳುತ್ತದೆ? ಹೀಗೆ ಕೇಳಲು ನನಗೆ ಕಾರಣವಿದೆ. ಅದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲು ಗಾತ್ರ ಅರ್ಥವಾಗಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಬೇಕಾಗುತ್ತದೆ ಎಂದು ಇಟ್ಟುಕೊಳ್ಳಿ. ಶಕ್ತಿನಗರದ ರಾಯಚೂರು ಸ್ಥಾವರ 1,720 ಮೆಗಾವಾಟಿನದು. ಅದು ಪೂರ್ತಿ ಶಕ್ತಿಯಲ್ಲಿ ಓಡಿದರೆ ಗಂಟೆಗೆ 1,200 ಟನ್, ದಿನಕ್ಕೆ ಹತ್ತಿರ ಹತ್ತಿರ 29,000 ಟನ್ ಬೇಕು. 58 ವ್ಯಾಗನ್‌ಗಳ ಒಂದು ರೈಲು ಸುಮಾರು 4,000 ಟನ್ ತರುತ್ತದೆ. ಅಂದರೆ ದಿನಕ್ಕೆ ಏಳು ರೈಲು. ಇದನ್ನೇ 25 ಟನ್ ಹೊರುವ ಲಾರಿಗಳಲ್ಲಿ ತರುವುದಾದರೆ ಹಗಲೂ ರಾತ್ರಿ ಪ್ರತಿ 75 ಸೆಕೆಂಡಿಗೆ ಒಂದು ಲಾರಿ ಗೇಟಿನೊಳಗೆ ಬರಬೇಕು, ಒಂದು ಖಾಲಿಯಾಗಿ ಹೊರಗೆ ಹೋಗಬೇಕು.

ಲಾರಿಗಳ ಸಾಲು ಎಂದರೇನು ಎಂದು ಅಂಕೋಲೆ, ಯಲ್ಲಾಪುರದವರಿಗೆ ನಾನು ವಿವರಿಸಬೇಕಾಗಿಲ್ಲ. ಬೇಲೆಕೇರಿಗೆ ಹೊಸಪೇಟೆಯ ಅದಿರು ಬರುತ್ತಿದ್ದ ಆ ವರ್ಷಗಳಲ್ಲಿ ಅರಬೈಲ್ ಘಟ್ಟದಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು ಮಗು ಹೆರಿಗೆಯಾಗುವ ಹೊತ್ತಿಗೆ ಆಸ್ಪತ್ರೆ ಮುಟ್ಟಲಾಗದೆ ಒದ್ದಾಡಿದ ಮನೆಗಳು ನನಗೆ ಗೊತ್ತು. ರಸ್ತೆ ಬದಿಯ ತೋಟದ ಎಲೆ ಕೆಂಪಾಗಿತ್ತು, ಬಟ್ಟೆ ಒಣ ಹಾಕಲು ಆಗುತ್ತಿರಲಿಲ್ಲ. 2010ರಲ್ಲಿ ಬೇಲೆಕೇರಿಯಲ್ಲಿ ವಶಪಡಿಸಿಕೊಂಡು ಇಟ್ಟಿದ್ದ ಅದಿರಿನಲ್ಲಿ ಸುಮಾರು 5 ಲಕ್ಷ ಟನ್ ಕಾಣೆಯಾದ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ಅದೇ ವರ್ಷ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. ಆ ಕತೆಯ ನ್ಯಾಯಾನ್ಯಾಯ ಬೇರೆ ವಿಷಯ. ನನಗೆ ಇಲ್ಲಿ ಬೇಕಾದದ್ದು ಇಷ್ಟೇ: ದೊಡ್ಡ ಪ್ರಮಾಣದ ಸರಕನ್ನು ಸಾರ್ವಜನಿಕ ರಸ್ತೆಯ ಮೇಲೆ ಲಾರಿಯಲ್ಲಿ ಸಾಗಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಅದರ ನಿಜವಾದ ಬಾಡಿಗೆಯನ್ನು ರಸ್ತೆ ಬದಿಯ ಜನ ಕೊಡುತ್ತಾರೆ. ಕನ್ವೇಯರ್ ಮತ್ತು ಬಾರ್ಜ್ ಹುಟ್ಟಿದ್ದೇ ಈ ಲೆಕ್ಕದಿಂದ.

ಕನ್ವೇಯರ್ ಎಂದರೆ ತುದಿಯಿಲ್ಲದ ರಬ್ಬರ್ ಪಟ್ಟಿ. ಎರಡು ತುದಿಯಲ್ಲಿ ಎರಡು ದೊಡ್ಡ ಪುಲ್ಲಿ, ನಡುವೆ ಸಾವಿರಾರು ರೋಲರ್. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ನೀರು ಹಾಯಿಸಲು ಅಡಿಕೆ ಮರವನ್ನು ಸೀಳಿ ದಬ್ಬೆ ಮಾಡಿ ಇಡುತ್ತಾರಲ್ಲ, ಬೆಲ್ಟಿನ ಅಡ್ಡ ನೋಟ ಅದರಂತೆಯೇ ಇರುತ್ತದೆ. ನಡುವಿನ ರೋಲರ್ ಅಡ್ಡ ಮಲಗಿರುತ್ತದೆ, ಆಚೀಚಿನ ಎರಡು ರೋಲರ್‌ಗಳು ಸಾಮಾನ್ಯವಾಗಿ 35 ಡಿಗ್ರಿ ಎದ್ದಿರುತ್ತವೆ. ಚಪ್ಪಟೆ ಪಟ್ಟಿ ಅವುಗಳ ಮೇಲೆ ಹಾಯುವಾಗ ತಾನಾಗಿ ದಬ್ಬೆಯ ಆಕಾರ ತಾಳುತ್ತದೆ. ದಬ್ಬೆಯಲ್ಲಿ ನೀರು ಹರಿಯುತ್ತದೆ, ಇಲ್ಲಿ ದಬ್ಬೆಯೇ ಹರಿಯುತ್ತದೆ. ಕಲ್ಲಿದ್ದಲು ಅದರ ಮೇಲೆ ಅಲುಗದೆ ಕೂತಿರುತ್ತದೆ. ಈ ಅಲುಗದೆ ಕೂತಿರುವ ಗುಣವನ್ನು ನೆನಪಿಡಿ.

ಒಂದು ಸಣ್ಣ ಲೆಕ್ಕ ಮಾಡೋಣ. 1.2 ಮೀಟರ್ ಅಗಲದ ಬೆಲ್ಟಿನ ಮೇಲೆ ತುಂಬಿದ ಸರಕನ್ನು ಅಡ್ಡ ಕತ್ತರಿಸಿದರೆ ಸುಮಾರು 0.15 ಚದರ ಮೀಟರ್ ಸಿಗುತ್ತದೆ. ಬೆಲ್ಟು ಸೆಕೆಂಡಿಗೆ 3 ಮೀಟರ್ ಓಡುತ್ತದೆ ಎನ್ನಿ. ಒಂದು ಘನ ಮೀಟರ್ ಪುಡಿ ಕಲ್ಲಿದ್ದಲು ಸುಮಾರು 850 ಕಿಲೋ ತೂಗುತ್ತದೆ. ಗುಣಿಸಿದರೆ ಗಂಟೆಗೆ 1,300ರಿಂದ 1,400 ಟನ್. ರಾಯಚೂರಿನ ಸ್ಥಾವರಕ್ಕೆ ಬೇಕಾದಷ್ಟನ್ನು ಒಬ್ಬ ಮನುಷ್ಯ ಕೈ ಚಾಚಿದಷ್ಟೂ ಅಗಲವಿಲ್ಲದ ಒಂದೇ ಪಟ್ಟಿ ಹೊತ್ತು ಹಾಕಬಲ್ಲದು. ನಾನು ಕೆಲಸಕ್ಕೆ ಸೇರಿದ ವಾರ ಹಿರಿಯರೊಬ್ಬರು ಈ ಲೆಕ್ಕವನ್ನು ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಮಾಡಿ ತೋರಿಸಿದ್ದರು. ಆಗ ಆದ ಬೆರಗು ನನಗೆ ಇನ್ನೂ ಹೋಗಿಲ್ಲ. ಅದಿರು ಕಲ್ಲಿದ್ದಲಿಗಿಂತ ಎರಡೂವರೆ ಮೂರು ಪಟ್ಟು ಭಾರ. ಕಲ್ಲಿದ್ದಲಿಗೆಂದು ಮಾಡಿದ ಬೆಲ್ಟಿನ ಮೇಲೆ ಅದೇ ಎತ್ತರಕ್ಕೆ ಅದಿರು ತುಂಬಿದರೆ ಮೋಟಾರು ಸುಡುತ್ತದೆ, ಇಲ್ಲವೇ ಬೆಲ್ಟು ಹರಿಯುತ್ತದೆ. ಆದ್ದರಿಂದ ಯಾವ ಸರಕಿಗೆ ಎಂದು ಕೇಳದೆ ಕನ್ವೇಯರ್ ಬಗ್ಗೆ ಏನನ್ನೂ ಹೇಳಲಾಗದು.

ಏರಿಗೆ ಮಾತ್ರ ಬೆಲ್ಟು ಒಂದು ಮಿತಿಯನ್ನು ಒಡ್ಡುತ್ತದೆ. ಸಾಣಿಕಟ್ಟೆಯಲ್ಲಿ ಉಪ್ಪಿನ ರಾಶಿ ನೋಡಿದ್ದೀರಿ. ಎಷ್ಟೇ ಸುರಿದರೂ ಅದರ ಇಳಿಜಾರು ಒಂದೇ ಕೋನದಲ್ಲಿ ನಿಲ್ಲುತ್ತದೆ. ಮೇಲೆ ಇನ್ನೊಂದು ಬುಟ್ಟಿ ಸುರಿದರೆ ರಾಶಿ ಅಗಲವಾಗುತ್ತದೆಯೇ ಹೊರತು ಕಡಿದಾಗುವುದಿಲ್ಲ. ಕಲ್ಲಿದ್ದಲಿಗೂ ಅಂಥ ಕೋನವಿದೆ. ಆದರೆ ರಾಶಿ ನಿಂತಿರುತ್ತದೆ, ಬೆಲ್ಟು ಪ್ರತಿ ರೋಲರ್ ದಾಟುವಾಗಲೂ ಕುಲುಕುತ್ತದೆ. ಹಾಗಾಗಿ ಮಾಮೂಲಿ ಬೆಲ್ಟಿನಲ್ಲಿ ಕಲ್ಲಿದ್ದಲನ್ನು ಸುಮಾರು 18 ಡಿಗ್ರಿಗಿಂತ ಕಡಿದಾಗಿ ಹತ್ತಿಸಲಾಗದು. ಅದು ಹಿಂದಕ್ಕೆ ಉರುಳುತ್ತದೆ. 30 ಮೀಟರ್ ಮೇಲಕ್ಕೆ ಒಯ್ಯಬೇಕಾದರೆ 90 ಮೀಟರಿಗೂ ಹೆಚ್ಚು ಉದ್ದದ ಜಾಗ ಬೇಕು. ಉಷ್ಣ ಸ್ಥಾವರಗಳಲ್ಲಿ ಉದ್ದನೆಯ ಓರೆ ಸುರಂಗಗಳು ಆಕಾಶಕ್ಕೆ ಏರಿದಂತೆ ಕಾಣುವುದು ಇದರಿಂದ. ಘಟ್ಟದಿಂದ ಕೆಳಕ್ಕೆ ಇಳಿಸುವ ಬೆಲ್ಟಿನದು ಬೇರೆ ಸ್ವಭಾವ. ಅಲ್ಲಿ ಸರಕೇ ಬೆಲ್ಟನ್ನು ಎಳೆಯುತ್ತದೆ, ಮೋಟಾರು ವಿದ್ಯುತ್ತನ್ನು ತಿನ್ನುವ ಬದಲು ಹುಟ್ಟಿಸುತ್ತದೆ. ಕೇಳಲು ಸೊಗಸಾಗಿದೆ. ಆದರೆ ಅಲ್ಲಿ ಬ್ರೇಕು ಸೋತರೆ ಇಡೀ ಬೆಲ್ಟಿನ ಭಾರ ಕೆಳಗಿನ ತುದಿಯ ಮೇಲೆ ಬರುತ್ತದೆ.

ಈಗ ಬೀಳುವ ಮಾತಿಗೆ ಬರುತ್ತೇನೆ. ಬೆಲ್ಟಿನ ಮೇಲೆ ಕೂತಿರುವಷ್ಟು ಹೊತ್ತು ಕಲ್ಲಿದ್ದಲಿನಿಂದ ಯಾರಿಗೂ ಹೆಚ್ಚಿನ ಉಪದ್ರವವಿಲ್ಲ. ಒಂದು ಬೆಲ್ಟಿನ ತುದಿ ಮುಗಿದು ಇನ್ನೊಂದು ಬೆಲ್ಟಿಗೆ ಅದು ಬೀಳಬೇಕು. ಆ ಜಾಗಕ್ಕೆ ನಾವು ಟ್ರಾನ್ಸ್‌ಫರ್ ಪಾಯಿಂಟ್ ಎನ್ನುತ್ತೇವೆ. ಮೇಲಿನ ಬೆಲ್ಟಿನಿಂದ ಚ್ಯೂಟ್ ಎಂಬ ಕಬ್ಬಿಣದ ಕೊಳವೆಯೊಳಗೆ ಎರಡು ಮೂರು ಮೀಟರ್, ಕೆಲವೊಮ್ಮೆ ಐದಾರು ಮೀಟರ್ ಬೀಳುತ್ತದೆ. ಬೀಳುವಾಗ ಒಡೆಯುತ್ತದೆ. ಒಡೆದಾಗ ಪುಡಿಯಾಗುತ್ತದೆ. ಬೀಳುವ ಸರಕು ತನ್ನ ಜೊತೆ ಗಾಳಿಯನ್ನೂ ಎಳೆದುಕೊಂಡು ಬರುತ್ತದೆ, ಆ ಗಾಳಿ ಕೆಳಗೆ ಹೊರಬೀಳಲು ಸಂದು ಹುಡುಕುತ್ತದೆ, ಹೊರಬರುವಾಗ ಪುಡಿಯನ್ನು ಹೊತ್ತು ತರುತ್ತದೆ. ಧೂಳು ಎಂದರೆ ಇದೇ. ಬೆಲ್ಟಿನ ಇಡೀ ಉದ್ದಕ್ಕೆ ತಗಡು ಹೊದಿಸಿದ್ದೇವೆ ಎಂದು ಯಾರಾದರೂ ಹೇಳಿದರೆ ಸಂತೋಷ, ಆದರೆ ಧೂಳು ಹುಟ್ಟುವುದು ಅಲ್ಲಲ್ಲ. ಬೀಳುವ ಜಾಗದಲ್ಲಿ ಏನು ಮಾಡಿದ್ದೀರಿ ಎಂದು ಕೇಳಬೇಕು. ಎಷ್ಟು ಎತ್ತರದಿಂದ ಬೀಳುತ್ತದೆ, ಚ್ಯೂಟಿನ ಬಾಯಿಗೆ ರಬ್ಬರಿನ ಅಂಚು ಸರಿಯಾಗಿ ಕೂತಿದೆಯೇ, ನೀರಿನ ಸಿಂಪರಣೆ ಇದೆಯೇ, ಧೂಳು ಹೀರುವ ಯಂತ್ರ ಓಡುತ್ತಿದೆಯೇ ಅಥವಾ ತಪಾಸಣೆಯ ದಿನ ಮಾತ್ರ ಓಡುತ್ತದೆಯೇ.

ಅಪಘಾತವೂ ಅಲ್ಲೇ. ಒಂದು ಸ್ಥಾವರದಲ್ಲಿ, ಹೆಸರು ಬೇಡ, ರಾತ್ರಿ ಪಾಳಿಯಲ್ಲಿ ಒಬ್ಬ ಗುತ್ತಿಗೆ ಕೆಲಸಗಾರ ಬೆಲ್ಟಿನ ಹಿಂದಿನ ಪುಲ್ಲಿಯ ಬಳಿ ಚೆಲ್ಲಿದ ಕಲ್ಲಿದ್ದಲನ್ನು ಸಲಿಕೆಯಿಂದ ಬಾಚುತ್ತಿದ್ದ. ಬೆಲ್ಟು ಓಡುತ್ತಲೇ ಇತ್ತು. ಸಲಿಕೆಯ ತುದಿ ಬೆಲ್ಟಿಗೂ ಪುಲ್ಲಿಗೂ ನಡುವಿನ ಸಂದಿಗೆ ಸಿಕ್ಕಿತು. ಸಲಿಕೆಯನ್ನು ಬಿಡಬೇಕೆಂದು ಮನಸ್ಸಿಗೆ ಹೊಳೆಯುವ ಮೊದಲೇ ಕೈ ಒಳಗೆ ಹೋಗಿತ್ತು. ಬೆಲ್ಟಿನ ಉದ್ದಕ್ಕೂ ಎಳೆದರೆ ನಿಲ್ಲುವ ಹಗ್ಗವಿರುತ್ತದೆ, ಪುಲ್ ಕಾರ್ಡ್ ಎನ್ನುತ್ತಾರೆ. ಜೊತೆಗಿದ್ದವನು ಎಳೆದ. ಹಗ್ಗ ಸಡಿಲವಾಗಿತ್ತು. ಇನ್ನೊಮ್ಮೆ ಎಳೆದ. ಅಷ್ಟರಲ್ಲಿ ಮೊಣಕೈವರೆಗೆ ಹೋಗಿತ್ತು. ಆಗ ನಾನು ಆ ಪಾಳಿಯ ಹೊಣೆಗಾರನಾಗಿದ್ದೆ. ಆ ಹಗ್ಗವನ್ನು ಹಿಂದಿನ ವಾರ ಎಳೆದು ನೋಡಬೇಕಿತ್ತು, ನೋಡಿರಲಿಲ್ಲ. ಅಂದಿನಿಂದ ನಾನು ಯಾವ ಬೆಲ್ಟಿನ ಬಳಿ ಹೋದರೂ ಮೊದಲು ಹಗ್ಗ ಎಳೆದು ನಿಲ್ಲಿಸಿ ನೋಡುತ್ತೇನೆ. ಉತ್ಪಾದನೆ ನಿಂತಿತು ಎಂದು ಬೈದವರಿದ್ದಾರೆ. ಬೈಯಲಿ. ಇಲ್ಲಿ ಡಿಪ್ಲೊಮಾ ಓದುವ ಮಕ್ಕಳು ಬಹಳ ಜನ ಬಂದಿದ್ದೀರಿ, ನಾಳೆ ಇಂಥ ಜಾಗಗಳಿಗೇ ಕೆಲಸಕ್ಕೆ ಹೋಗುತ್ತೀರಿ. ಓಡುವ ಬೆಲ್ಟಿನ ಕೆಳಗೆ ಸಲಿಕೆ ಹಾಕಬೇಡಿ, ಯಾರಿಂದಲೂ ಹಾಕಿಸಬೇಡಿ. ಮತ್ತೆ ಆ ಕಲ್ಲಿದ್ದಲು ಅಲ್ಲಿ ಚೆಲ್ಲಿದ್ದು ಏಕೆ? ಮೇಲಿನ ಚ್ಯೂಟಿನ ರಬ್ಬರ್ ಅಂಚು ಸವೆದಿದ್ದರಿಂದ. ಬೀಳುವ ಜಾಗವನ್ನು ಸರಿಯಾಗಿ ಮಾಡಿದ್ದರೆ ಬಾಚುವ ಕೆಲಸವೇ ಇರುತ್ತಿರಲಿಲ್ಲ.

ಬೆಂಕಿಯ ಬಗ್ಗೆಯೂ ಒಂದು ಮಾತು. ಕಲ್ಲಿದ್ದಲು ತಾನಾಗಿಯೇ ಬಿಸಿಯಾಗುವ ವಸ್ತು. ಗಾಳಿಯ ಆಮ್ಲಜನಕದ ಜೊತೆ ನಿಧಾನವಾಗಿ ಸೇರುತ್ತ, ಆ ಬಿಸಿ ಹೊರಹೋಗಲು ದಾರಿಯಿಲ್ಲದಿದ್ದರೆ ರಾಶಿಯ ಒಳಗೇ ಹೊತ್ತಿಕೊಳ್ಳುತ್ತದೆ. ನಮ್ಮಲ್ಲಿ ಬಣವೆ ಹಸಿಯಾಗಿ ಒಟ್ಟಿದರೆ ಒಳಗೆ ಕೈ ಇಡಲಾಗದಷ್ಟು ಬಿಸಿಯಾಗುವುದನ್ನು ರೈತರು ಬಲ್ಲರು, ಅದೇ ಜಾತಿಯ ತೊಂದರೆ. ಬೆಲ್ಟಿನಲ್ಲಿ ಇನ್ನೊಂದು ಬಗೆಯ ಬೆಂಕಿ ಬರುತ್ತದೆ. ಒಂದು ರೋಲರಿನ ಬೇರಿಂಗ್ ಹಿಡಿದುಕೊಂಡು ಕಾದು ಕೆಂಪಾಗುತ್ತದೆ. ಬೆಲ್ಟು ಓಡುತ್ತಿರುವಾಗ ಆ ಬಿಸಿ ಒಂದೇ ಜಾಗಕ್ಕೆ ತಾಗದು, ಹಾಗಾಗಿ ಏನೂ ಆಗದಂತೆ ಕಾಣುತ್ತದೆ. ಪಾಳಿ ಮುಗಿದು ಬೆಲ್ಟು ನಿಲ್ಲಿಸಿದ ಮೇಲೆ ರಬ್ಬರಿನ ಒಂದೇ ತುಂಡು ಆ ಕಾದ ರೋಲರಿನ ಮೇಲೆ ಕೂರುತ್ತದೆ. ಆದ್ದರಿಂದಲೇ ಅನುಭವಿಗಳು ಬೆಲ್ಟು ನಿಲ್ಲಿಸಿದ ನಂತರ ಒಮ್ಮೆ ಉದ್ದಕ್ಕೂ ನಡೆದು ನೋಡದೆ ಮನೆಗೆ ಹೋಗುವುದಿಲ್ಲ.

ಹಾಗಾದರೆ ಬೀಳುವುದನ್ನು ಕಡಿಮೆ ಮಾಡಲು ಸಾಧ್ಯವೇ? ಸಾಧ್ಯ, ಮತ್ತು ನಮ್ಮ ದೇಶದಲ್ಲೇ ಮಾಡಿದ್ದಾರೆ. ಒಡಿಶಾದ ದಮನ್‌ಜೋಡಿಯಲ್ಲಿ ನಾಲ್ಕೋ ಎಂಬ ಅಲ್ಯೂಮಿನಿಯಂ ಸಂಸ್ಥೆಗೆ ಪಂಚಪಟ್‌ಮಾಲಿ ಬೆಟ್ಟದ ಬಾಕ್ಸೈಟ್ ಬರುವುದು 14.6 ಕಿಲೋಮೀಟರ್ ಉದ್ದದ ಒಂದೇ ಬೆಲ್ಟಿನಲ್ಲಿ. ಬೆಟ್ಟದ ತಿರುವುಗಳಿಗೆ ತಕ್ಕಂತೆ ಬೆಲ್ಟೇ ಬಾಗುತ್ತದೆ, ನಡುವೆ ಎಲ್ಲೂ ಸರಕು ಬೀಳುವುದಿಲ್ಲ. ಅದೇ ದೂರವನ್ನು ಒಂದೊಂದು ಕಿಲೋಮೀಟರಿನ ನೇರ ತುಂಡುಗಳಲ್ಲಿ ಮಾಡಿದ್ದರೆ ಹದಿನಾಲ್ಕು ಕಡೆ ಬೀಳುತ್ತಿತ್ತು, ಹದಿನಾಲ್ಕು ಕಡೆ ಧೂಳು, ಹದಿನಾಲ್ಕು ಕಡೆ ಸಲಿಕೆ. ನಮ್ಮದೇ ಸಂಡೂರಿನಿಂದ ತೋರಣಗಲ್ಲಿನ ಕಡೆಗೆ ಅದಿರು ತರಲು ಕೊಳವೆ ಕನ್ವೇಯರ್ ಹಾಕಿದ್ದಾರೆ. ಅದರಲ್ಲಿ ಬೆಲ್ಟು ಸರಕನ್ನು ಹೊತ್ತ ಮೇಲೆ ಬೀಡಿಯ ಎಲೆಯಂತೆ ಸುತ್ತಿಕೊಂಡು ಕೊಳವೆಯಾಗುತ್ತದೆ. ಗಾಳಿ ತಾಗದು, ಮಳೆ ತಾಗದು, ತಿರುವು ಸುಲಭ. ಮೇಘಾಲಯದ ಸುಣ್ಣದ ಕಲ್ಲು ಸುಮಾರು 17 ಕಿಲೋಮೀಟರ್ ಬೆಲ್ಟಿನ ಮೇಲೆ ಗಡಿ ದಾಟಿ ಬಾಂಗ್ಲಾದೇಶದ ಛಾತಕ್‌ನ ಸಿಮೆಂಟು ಕಾರ್ಖಾನೆಗೆ ಹೋಗುತ್ತದೆ. ಸರಕಿಗೆ ಪಾಸ್‌ಪೋರ್ಟ್ ಬೇಡ, ಆದರೆ ಗಣಿಗೆ ಅರಣ್ಯದ ಅನುಮತಿ ಬೇಕಿತ್ತು. ಆ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2011ರಲ್ಲಿ ತೀರ್ಮಾನವಾಯಿತು. ಅಷ್ಟು ಕಾಲ ಗಡಿಯ ಆಚೆಗಿನ ಕಾರ್ಖಾನೆ ಕಲ್ಲಿಗಾಗಿ ಕಾಯಬೇಕಾಯಿತು. ಕನ್ವೇಯರ್ ಹಾಕಿದವನಿಗೆ ಬೇರೆ ದಾರಿಯಿರುವುದಿಲ್ಲ. ಲಾರಿಯಾದರೆ ಇನ್ನೊಂದು ರಸ್ತೆ ಹುಡುಕಬಹುದು.

ನದಿಗೆ ಇಳಿಯೋಣ. ಬಂಗುಡೆಯ ಕಾಲದಲ್ಲಿ ಮೀನಿನ ಧಕ್ಕೆಯಲ್ಲಿ ಕಾಯುತ್ತ ನಿಂತ ಹೆಂಗಸರು ದೋಣಿ ಇನ್ನೂ ದೂರದಲ್ಲಿರುವಾಗಲೇ ಇವತ್ತು ಎಷ್ಟು ಬಿದ್ದಿದೆ ಎಂದು ಹೇಳಿಬಿಡುತ್ತಾರೆ. ಅವರು ಮೀನನ್ನು ನೋಡುವುದಿಲ್ಲ, ದೋಣಿ ನೀರಿನಲ್ಲಿ ಎಷ್ಟು ಕೂತಿದೆ ಎಂದು ನೋಡುತ್ತಾರೆ. ಬಾರ್ಜಿನ ಸರಕನ್ನು ತೂಗುವುದೂ ಹಾಗೆಯೇ. ಬೇರೆ ತಕ್ಕಡಿ ಬೇಡ. ಬಾರ್ಜಿನ ಪಕ್ಕದಲ್ಲಿ ಬಣ್ಣದಲ್ಲಿ ಬರೆದ ಅಳತೆಯ ಗುರುತುಗಳನ್ನು ಆರು ಕಡೆ ಓದುತ್ತಾರೆ. 60 ಮೀಟರ್ ಉದ್ದ, 12 ಮೀಟರ್ ಅಗಲದ ಪೆಟ್ಟಿಗೆಯಾಕಾರದ ಬಾರ್ಜ್ ಎನ್ನಿ. ಅದು ಸಿಹಿನೀರಿನಲ್ಲಿ ಒಂದು ಸೆಂಟಿಮೀಟರ್ ಹೆಚ್ಚು ಮುಳುಗಿದರೆ 7.2 ಟನ್ ಹೊತ್ತಿದೆ ಎಂದು ಅರ್ಥ. ಎರಡು ಮೀಟರ್ ಮುಳುಗಿದರೆ 1,440 ಟನ್. ಅದು 58 ಲಾರಿಗಳ ಹೊರೆ.

ಇದರಲ್ಲಿ ಅಳಿವೆಯ ಊರಿನವರಿಗೆ ಮಾತ್ರ ಚೆನ್ನಾಗಿ ತಿಳಿಯುವ ಒಂದು ಸೂಕ್ಷ್ಮವಿದೆ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಎರಡೂವರೆ ಶೇಕಡ ಭಾರ. ಬಾರ್ಜಿನ ಸ್ವಂತ ತೂಕವೂ ಸೇರಿ 2,000 ಟನ್ ಇದ್ದರೆ, ನದಿಯಿಂದ ಕಡಲಿಗೆ ಬಂದಾಗ ಅದು ಸುಮಾರು ಏಳು ಸೆಂಟಿಮೀಟರ್ ಮೇಲೆದ್ದು ನಿಲ್ಲುತ್ತದೆ. ಒಂದು ಕಣವೂ ಚೆಲ್ಲಿಲ್ಲ, ಆದರೆ ಅಳತೆ ಮಾಡಿದವನು ನೀರಿನ ಉಪ್ಪನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 50 ಟನ್ ಕಡಿಮೆ ಬಂದಿದೆ ಎಂದು ಜಗಳ ಶುರುವಾಗುತ್ತದೆ. ಸದಾಶಿವಗಡದ ಸೇತುವೆಯ ಕೆಳಗೆ ಭರತದಲ್ಲಿ ಒಂದು ಉಪ್ಪು, ಇಳಿತದಲ್ಲಿ ಇನ್ನೊಂದು ಉಪ್ಪು. ಇಂಥ ಜಾಗದಲ್ಲಿ ಬಕೆಟ್ಟಿನಲ್ಲಿ ನೀರೆತ್ತಿ ಸಾಂದ್ರತೆ ನೋಡಿಯೇ ತೂಕ ಬರೆಯಬೇಕು.

ಬಾರ್ಜ್ ಓಡಿಸುವ ರೀತಿ ನದಿಗೆ ತಕ್ಕಂತೆ ಬೇರೆ. ಅಮೆರಿಕದ ಓಹಿಯೋ ನದಿಯಲ್ಲಿ ಸುಮಾರು 1,500 ಟನ್ ಹೊರುವ ಹದಿನೈದು ಬಾರ್ಜುಗಳನ್ನು ಉಕ್ಕಿನ ಹಗ್ಗದಿಂದ ಒಂದಕ್ಕೊಂದು ಬಿಗಿದು, ಹಿಂದೆ ಒಂದು ದೋಣಿ ಇಟ್ಟು ತಳ್ಳುತ್ತಾರೆ. ಇಂಡೊನೇಷ್ಯಾದ ಕಾಲಿಮಂತಾನ್‌ನಲ್ಲಿ ಎಂಟು ಸಾವಿರ ಟನ್ ತುಂಬಿದ ಬಾರ್ಜನ್ನು ಟಗ್ ಎಂಬ ಎಳೆಯುವ ದೋಣಿ ಉದ್ದ ಹಗ್ಗದಲ್ಲಿ ಎಳೆಯುತ್ತದೆ. ಎಳೆಯುವುದರಲ್ಲಿ ತೊಂದರೆಯೇನೆಂದರೆ ಹಿಂದಿರುವ ಬಾರ್ಜಿಗೆ ಬ್ರೇಕು ಇಲ್ಲ. ನದಿಯ ಸೆಳೆತ ಜೋರಾದಾಗ ಅದು ತನ್ನದೇ ದಾರಿ ಹಿಡಿಯುತ್ತದೆ. ಅಲ್ಲಿಯ ಮಹಾಕಾಮ್ ನದಿಯ ಸೇತುವೆಯ ಕಂಬಗಳಿಗೆ ಕಲ್ಲಿದ್ದಲಿನ ಬಾರ್ಜುಗಳು ಮತ್ತೆ ಮತ್ತೆ ಗುದ್ದಿವೆ. ನಮ್ಮ ಪಕ್ಕದ ಗೋವಾದಲ್ಲಿ ಬಾರ್ಜಿಗೆ ಅದರದೇ ಇಂಜಿನ್. ಮಾಂಡೋವಿ, ಜುವಾರಿಗಳ ಮೇಲೆ ಅದಿರು ಹೊತ್ತು ಮುರ್ಮುಗೋವಾಕ್ಕೆ ಅವು ಸಾಲಾಗಿ ಇಳಿಯುತ್ತಿದ್ದ ಕಾಲವನ್ನು ಪಣಜಿಗೆ ಹೋದವರೆಲ್ಲ ನೋಡಿದ್ದೀರಿ. 2012ರಲ್ಲಿ ಗಣಿಗಾರಿಕೆ ನಿಂತಾಗ ಆ ಬಾರ್ಜುಗಳೂ ದಡದಲ್ಲಿ ನಿಂತವು. ಗೋವೆಯವರಿಂದ ನಾನು ಕಲಿತದ್ದು ಮಳೆಗಾಲದ ಜಾಣತನ. ಮಾಂಡೋವಿಯ ಅಳಿವೆಯಲ್ಲಿ ಮರಳ ದಿಬ್ಬದ ಮೇಲೆ ತೆರೆ ಒಡೆಯುವ ತಿಂಗಳುಗಳಲ್ಲಿ ಅವರು ಕಡಲಿಗೆ ಹೋಗುತ್ತಿರಲಿಲ್ಲ. ಒಳಗೊಳಗೇ ಕುಂಭಾರಜುವಾ ಕಾಲುವೆಯಲ್ಲಿ ಜುವಾರಿಗೆ ದಾಟಿ ಬಂದರು ಸೇರುತ್ತಿದ್ದರು. ನಮ್ಮ ಹೊನ್ನಾವರದ ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಕೇಳಿದಾಗಲೆಲ್ಲ ನನಗೆ ಆ ಕಾಲುವೆ ನೆನಪಾಗುತ್ತದೆ. ನಮಗೆ ಅಂಥ ಒಳದಾರಿ ಇಲ್ಲ.

ನೀರು ಕೈಕೊಡುವುದೂ ಉಂಟು. ಜರ್ಮನಿಯ ರೈನ್ ನದಿಯಲ್ಲಿ ಕೌಬ್ ಎಂಬ ಊರಿನ ಅಳತೆಗಂಬ 2018ರ ಅಕ್ಟೋಬರಿನಲ್ಲಿ 25 ಸೆಂಟಿಮೀಟರ್ ತೋರಿಸಿತು. ಅದು ನದಿಯ ಪೂರ್ತಿ ಆಳವಲ್ಲ, ಗುರುತಿನ ಮೇಲಿನ ಅಳತೆ. ಆದರೂ ಬಾರ್ಜುಗಳು ಅರ್ಧಕ್ಕಿಂತಲೂ ಕಡಿಮೆ ತುಂಬಿಕೊಂಡು ಓಡಬೇಕಾಯಿತು. ಮೊದಲಿನ ಲೆಕ್ಕವನ್ನೇ ಹಿಡಿದರೆ, ನೀರು ಒಂದಡಿ ಇಳಿದರೆ ನಮ್ಮ ಪೆಟ್ಟಿಗೆ ಬಾರ್ಜ್ ಸುಮಾರು 220 ಟನ್ ಬಿಟ್ಟು ಹೋಗಬೇಕು, ಅಷ್ಟೇ ಇಂಧನ ಸುಟ್ಟು. ಗಂಗೆಯಲ್ಲಿ 2013ರಿಂದ ಪಶ್ಚಿಮ ಬಂಗಾಳದ ಫರಕ್ಕಾ ಉಷ್ಣ ಸ್ಥಾವರಕ್ಕೆ ವಿದೇಶಿ ಕಲ್ಲಿದ್ದಲನ್ನು ಬಾರ್ಜಿನಲ್ಲಿ ತಂದರು. ಹಲ್ದಿಯಾದಿಂದ ಸುಮಾರು 560 ಕಿಲೋಮೀಟರ್ ನದಿಯ ಮೇಲೆ. ಅದೇ ಫರಕ್ಕಾದಲ್ಲಿ 2016ರ ಮಾರ್ಚಿನಲ್ಲಿ ಕಾಲುವೆಯ ನೀರು ತೀರ ಕಡಿಮೆಯಾಗಿ ಸ್ಥಾವರವೇ ಕೆಲವು ದಿನ ನಿಂತಿತು. ನದಿಯನ್ನು ನಂಬಿದ ಮೇಲೆ ನದಿಯ ಬೇಸಿಗೆಯನ್ನೂ ನಂಬಬೇಕು.

ಮುಳುಗಿದರೆ ಏನಾಗುತ್ತದೆ ಎಂದು ಮೊನ್ನೆ ಒಬ್ಬ ಹುಡುಗ ಕೇಳಿದ. ಸುಂದರಬನದ ಶೇಲಾ ನದಿಯಲ್ಲಿ 2016ರ ಮಾರ್ಚಿನಲ್ಲಿ 1,200 ಟನ್‌ಗೂ ಹೆಚ್ಚು ಕಲ್ಲಿದ್ದಲು ಹೊತ್ತ ಹಡಗು ಮುಳುಗಿತು. ಎಣ್ಣೆಯಂತೆ ಕಲ್ಲಿದ್ದಲು ತೇಲುವುದಿಲ್ಲ, ಆದ್ದರಿಂದ ಚಿತ್ರ ತೆಗೆಯಲು ಏನೂ ಇರುವುದಿಲ್ಲ. ಅದು ತಳಕ್ಕೆ ಹೋಗಿ ಕೂರುತ್ತದೆ. ತಳದಲ್ಲಿ ಬದುಕುವ ಜೀವಗಳ ಮೇಲೆ ಕೂರುತ್ತದೆ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ಕೂತು ಬಳಚು ಆರಿಸುವವರಿಗೆ ತಳ ಎಂದರೇನು ಎಂದು ಗೊತ್ತು.

ಈಗ ನನ್ನ ಪ್ರಶ್ನೆಗೆ ಲೆಕ್ಕ ಹಾಕುತ್ತೇನೆ. ಕಾಲಿಮಂತಾನ್‌ನ ಗಣಿಯಿಂದ ನಮ್ಮ ಕರಾವಳಿಯ ಒಂದು ಬಾಯ್ಲರಿನವರೆಗೆ. ನೀವೂ ಬೆರಳು ಮಡಿಸಿ. ಗಣಿಯಲ್ಲಿ ಯಂತ್ರದ ಬಾಯಿಯಿಂದ ಡಂಪರಿಗೆ ಒಂದು. ಡಂಪರಿನಿಂದ, ಒಡೆಯುವ ಯಂತ್ರವಾದ ಕ್ರಷರಿನ ಹಾಪರ್ ಎಂಬ ಆಲಿಕೆಗೆ ಎರಡು. ಕ್ರಷರಿನಿಂದ ಬೆಲ್ಟಿಗೆ ಮೂರು. ಬೆಲ್ಟಿನಿಂದ ರಾಶಿಗೆ ನಾಲ್ಕು. ರಾಶಿಯಿಂದ ಜೆಟ್ಟಿಯ ಬೆಲ್ಟಿಗೆ ಐದು. ಬೆಲ್ಟಿನಿಂದ ಬಾರ್ಜಿಗೆ ಆರು. ನಡುಗಡಲಿನಲ್ಲಿ ತೇಲುವ ಕ್ರೇನಿನಿಂದ ಹಡಗಿಗೆ ಏಳು. ನಮ್ಮ ಬಂದರಿನಲ್ಲಿ ಹಡಗಿನಿಂದ ಹಾಪರಿಗೆ ಎಂಟು. ಬಂದರಿನ ರಾಶಿಗೆ ಒಂಬತ್ತು. ವ್ಯಾಗನಿಗೆ ಹತ್ತು. ವ್ಯಾಗನಿನಿಂದ ಸ್ಥಾವರದ ಹಾಪರಿಗೆ ಹನ್ನೊಂದು. ಕ್ರಷರಿಗೆ ಹನ್ನೆರಡು. ಬಂಕರ್ ಎಂಬ ತೊಟ್ಟಿಗೆ ಹದಿಮೂರು. ಅರೆಯುವ ಗಿರಣಿಗೆ ಹದಿನಾಲ್ಕು. ನಡುವೆ ಬೆಲ್ಟುಗಳ ತಿರುವು ಹೆಚ್ಚಾದರೆ ಇದು ಇಪ್ಪತ್ತೂ ಆಗುತ್ತದೆ. ಹದಿನಾಲ್ಕರಲ್ಲಿ ಮೊದಲ ಏಳು ಬೇರೆ ದೇಶದವರ ಮೂಗಿನ ಮೇಲೆ, ಉಳಿದ ಏಳು ನಮ್ಮವರ ಮೇಲೆ. ಮುರ್ಮುಗೋವಾದ ವಾಸ್ಕೋ ಪಟ್ಟಣದಲ್ಲಿ ಕಲ್ಲಿದ್ದಲಿನ ಧೂಳಿನ ವಿರುದ್ಧ ಜನ ಬೀದಿಗಿಳಿದರಲ್ಲ, ಅವರು ಕೂತಿರುವುದು ಎಂಟು, ಒಂಬತ್ತು, ಹತ್ತರ ಪಕ್ಕದಲ್ಲಿ.

ತದಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡಿ. ಆ ಯೋಜನೆಯಲ್ಲಿ ಬಾರ್ಜ್ ಇತ್ತು ಎಂದು ನಾನು ಹೇಳುತ್ತಿಲ್ಲ, ಗಾತ್ರ ಕಣ್ಣಿಗೆ ಕಟ್ಟಲಿ ಎಂದು ಈ ಲೆಕ್ಕ. 4,000 ಮೆಗಾವಾಟ್ ಪೂರ್ತಿ ಓಡಿದರೆ, ಒಳ್ಳೆಯ ವಿದೇಶಿ ಕಲ್ಲಿದ್ದಲು ಯೂನಿಟ್ಟಿಗೆ 450 ಗ್ರಾಂ ಎಂದರೂ ದಿನಕ್ಕೆ 43,200 ಟನ್. ನಮ್ಮ 1,440 ಟನ್ನಿನ ಬಾರ್ಜಿನಲ್ಲಿ ತಂದರೆ ದಿನಕ್ಕೆ ಮೂವತ್ತು ಬಾರ್ಜ್ ತುಂಬಿ ಒಳಗೆ ಬರಬೇಕು, ಮೂವತ್ತು ಖಾಲಿಯಾಗಿ ಹೊರಗೆ ಹೋಗಬೇಕು. ಬಾರ್ಜಿನಿಂದ ಎತ್ತುವ ಕ್ರೇನಿನ ಗ್ರ್ಯಾಬ್ ಒಂದು ಬಾಯಿಗೆ ಹತ್ತು ಟನ್ ಕಚ್ಚುತ್ತದೆ ಎನ್ನಿ. ದಿನಕ್ಕೆ 4,320 ಬಾಯಿ. ಪ್ರತಿ 20 ಸೆಕೆಂಡಿಗೆ ಒಂದು ಸಲ ಆ ಅಳಿವೆಯ ಗಾಳಿಯಲ್ಲಿ ಹತ್ತು ಟನ್ ಕಲ್ಲಿದ್ದಲು ಬೀಳಬೇಕು. ನಮ್ಮ ಕಡಲ ಗಾಳಿ ಮಧ್ಯಾಹ್ನವಾದರೆ ಪಡುವಣದಿಂದ ಒಳನಾಡಿಗೆ ಬೀಸುತ್ತದೆ. ಗಜನಿಯ ಗದ್ದೆ, ಕಗ್ಗ ಭತ್ತ, ಉಪ್ಪಿನ ಆಗರ ಎಲ್ಲವೂ ಗಾಳಿ ಹೋಗುವ ದಿಕ್ಕಿನಲ್ಲೇ ಇವೆ. ಸಾಣಿಕಟ್ಟೆಯ ಬಿಳಿ ರಾಶಿಯ ಪಕ್ಕದಲ್ಲಿ ಆ ಕಪ್ಪು ರಾಶಿಯನ್ನು ನಾನು ಮನಸ್ಸಿನಲ್ಲಿ ಇಟ್ಟು ನೋಡಿದ್ದೇನೆ. ಕಲ್ಲಿದ್ದಲಿನ ಅನ್ನ ಉಂಡವನೇ ನಾನು, ಆದರೂ ಆ ಜಾಗ ಅದಕ್ಕಲ್ಲ ಎಂದು ನನಗೆ ಯಾವ ಅನುಮಾನವೂ ಇಲ್ಲ.

ಕಾಳಿಯ ಬಗ್ಗೆ ಕೇಳುತ್ತೀರಿ. 2016ರ ಕಾಯ್ದೆಯಲ್ಲಿ ದೇಶದ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಿದೆ, ಕಾಳಿ ಅದರಲ್ಲಿ 52ನೆಯದು, ಶರಾವತಿ 90ನೆಯದು. ಹೆಸರು ಪಟ್ಟಿಯಲ್ಲಿದ್ದ ಮಾತ್ರಕ್ಕೆ ಬಾರ್ಜ್ ಬರುವುದಿಲ್ಲ, ಬಂದರೆ ಅದು ಕಲ್ಲಿದ್ದಲನ್ನೇ ತರಬೇಕೆಂದೂ ಇಲ್ಲ. ಜಲ್ಲಿ, ಸಿಮೆಂಟು, ಜನ, ಏನೂ ಆಗಬಹುದು. ಜಲಮಾರ್ಗಕ್ಕೆ ನಾನು ವಿರೋಧಿಯಲ್ಲ. ಒಂದು ಬಾರ್ಜ್ 58 ಲಾರಿಗಳನ್ನು ಹೆದ್ದಾರಿಯಿಂದ ತೆಗೆಯುವುದಾದರೆ ಅದಕ್ಕಿಂತ ಒಳ್ಳೆಯದೇನಿದೆ? ಆದರೆ ಆಳ ಸಾಲದೆ ಹೂಳೆತ್ತಿದರೆ ಕಡಲ ಉಪ್ಪು ಅಷ್ಟು ದೂರ ಮೇಲಕ್ಕೆ ಹತ್ತುತ್ತದೆ, ದಡದ ಬಾವಿಗಳಿಗೆ ಬರುತ್ತದೆ. ಅದನ್ನು ಮೊದಲೇ ಅಳೆದು ಬರೆದಿಡಬೇಕು. ಸೇತುವೆಯ ಕಂಬಗಳ ಸುತ್ತ ಕಾವಲು ಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ನಮ್ಮ ಹಳೆಯ ಕಾಳಿ ಸೇತುವೆ ಕುಸಿದಾಗ ಬಾರ್ಜಿಗೂ ಅದಕ್ಕೂ ಸಂಬಂಧವಿರಲಿಲ್ಲ, ಆದರೆ ಒಂದು ಸೇತುವೆ ಇಲ್ಲದಿದ್ದರೆ ಈ ಊರು ಹೇಗೆ ಎರಡಾಗುತ್ತದೆ ಎಂದು ಅಂದು ಎಲ್ಲರಿಗೂ ತಿಳಿಯಿತು.

ಕೊನೆಯಲ್ಲಿ ಬೂದಿಯ ವಿಷಯ ಹೇಳದೆ ಇಳಿದರೆ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿ. ಅಂದರೆ ರಾಯಚೂರಿಗೆ ಹೋಗುವ ಏಳು ರೈಲುಗಳಲ್ಲಿ ಎರಡಕ್ಕೂ ಹೆಚ್ಚು ರೈಲಿನಷ್ಟು ಬೂದಿ ಅಲ್ಲಿಂದ ಹೊರಗೆ ಹೋಗಬೇಕು. ಸುಟ್ಟ ಮೇಲೆ ಅದು ಹಿಟ್ಟಿಗಿಂತ ನುಣುಪು. ಮುಚ್ಚಿದ ಕೊಳವೆಯಲ್ಲಿ ಗಾಳಿಯೊತ್ತಡದಿಂದ ತಳ್ಳಿ, ಗೋಪುರದಂಥ ಸೈಲೋದಲ್ಲಿ ತುಂಬಿ, ಅಲ್ಲಿಂದ ಟ್ಯಾಂಕರಿಗೆ ಇಳಿಸಬೇಕು. ಅಲ್ಲೂ ಬೀಳುತ್ತದೆ, ಹದಿನೈದನೆಯ ಸಲ. ಬಂಗಾಳದ ಸ್ಥಾವರಗಳ ಹಾರುಬೂದಿ ಅಲ್ಲಿಂದ ಬಾರ್ಜ್ ಹತ್ತಿ ಸುಂದರಬನದ ನದಿಗಳ ಮೂಲಕ ಬಾಂಗ್ಲಾದೇಶದ ಸಿಮೆಂಟು ಕಾರ್ಖಾನೆಗಳಿಗೆ ಹೋಗುತ್ತದೆ. ಹೂಗ್ಲಿಯ ದಡದಲ್ಲಿ ಅಂಥ ಬಾರ್ಜ್ ತುಂಬುವುದನ್ನು ನಾನು ಒಮ್ಮೆ ನಿಂತು ನೋಡಿದೆ. ಸಂಜೆಯಾಗಿತ್ತು. ತುಂಬುವ ಕೊಳವೆಯ ಬಾಯಿಗೆ ಕಟ್ಟಿದ್ದ ಬಟ್ಟೆಯ ಚೀಲ ಒಂದು ಕಡೆ ಹರಿದಿತ್ತು. ಅದರ ಕೆಳಗೆ ಕೂತಿದ್ದ ಹುಡುಗನ ಕೂದಲು, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿತ್ತು. ಚೀಲ ಹೊಲಿಯಲು ಸೂಜಿ ದಾರ ತರಲು ಹೇಳಿ ಅಲ್ಲಿಯ ಮೇಲ್ವಿಚಾರಕರ ಬಳಿ ನಿಂತೆ. ಹೊಲಿದು ಮುಗಿಯುವವರೆಗೆ ಕೊಳವೆ ತೆರೆಯಲು ಬಿಡಲಿಲ್ಲ.